ಸಮಸ್ಯೆ: ಬೇರಂ ಕೀಳಲ್ಕೆ ಬೇರೆ ಜನ್ಮಂ ಬೇಕಯ್

ಸಂಚಾಲಕ: ಸಮಸ್ಯೆ ಮೇಲಿದೆ. ಅದು ಕಂದಪದ್ಯದ ಕೊನೆಯ ಸಾಲು, ಮೊದಲ ಮೂರು ಸಾಲು ಕಟ್ಟಿ ಪೂರಣ ಮಾಡುವುದು ನಿಮ್ಮ ಕೆಲಸ. ಹಿತ್ತಲಲ್ಲಿ ಎರಡು ದಿನ ಹೆಣಗಿ ಸೊಂಟ ಹಿಡಿದುಕೊಂಡವನು ಕೊಟ್ಟದ್ದು. ಹಾಗಾಗಿ ವೇದಾಂತಕ್ಕೆ ಹೋಗುವವರು ಸ್ವಲ್ಪ ತಡೆದು ಹೋಗಿ. ಮೊದಲ ಪೂರಣ ನನ್ನದೇ:

ಮೂರಡಿ ಸಾಕೆಂದಾ ಬೇರ್
ಪಾರಂಗಾಣದೆ ರಸಾತಳಕ್ಕಿಳಿದುದಲಾ!
ಹಾರೆಯೆ ಬಾಗಿದುದಕಟಾ!
ಬೇರಂ ಕೀಳಲ್ಕೆ ಬೇರೆ ಜನ್ಮಂ ಬೇಕಯ್

ಕಂದಮ್ಮ: ಬೇರಿಗೂ ವಾಮನನ ಬುದ್ಧಿ! ಹಾರೆ ಬಾಗಿದ್ದು ನಿಜವೋ, ಪ್ರಾಸಕ್ಕೋ?

ಸಂಚಾಲಕ: ಪ್ರಾಸಕ್ಕೆ ಬಾಗಿದ್ದರೆ ಹೊಸದು ತರುವ ಖರ್ಚು ಉಳಿಯುತ್ತಿತ್ತು.

ಗುದ್ದಲಿಭಟ್ಟ: ನನ್ನದೂ ಒಂದು.

ಸೋರುವ ಬೆಮರ್ವನಿಯಿಂದಂ
ಬೇರಿಗೆ ನೀರೆರೆದೆನಲ್ತೆ, ಬಲ್ತುದು ಮತ್ತಂ!
ದೂರುವೆನಾರಂ ಪೇಳಿಂ,
ಬೇರಂ ಕೀಳಲ್ಕೆ ಬೇರೆ ಜನ್ಮಂ ಬೇಕಯ್

ಕಂದಮ್ಮ: ಆಹಾ, ಕೀಳಲು ಹೋಗಿ ಸಾಕಿಬಂದಿರಿ.

ಯತಿಭಂಗ: ಕಲ್ಪನೆ ಇರಲಿ. ಕಂದದ ಮೊದಲ ಸಾಲಿಗೆ ಹನ್ನೆರಡೇ ಮಾತ್ರೆ (ಉಚ್ಚಾರದ ಅಳತೆ), ನಿಮ್ಮದು ಹದಿಮೂರು ಆಯಿತಲ್ಲ ಭಟ್ಟರೇ? ‘ಬೆಮರ್ವನಿ’ ನನ್ನ ಬಾಯಲ್ಲಿ ಐದು.

ಗುದ್ದಲಿಭಟ್ಟ: ನಿಮ್ಮ ಬಾಯಲ್ಲಿ ಎಷ್ಟಾದರೂ ಆದೀತು. ಅದು ಶಿಥಿಲದ್ವಿತ್ವ, ಒತ್ತಕ್ಷರವನ್ನು ತೇಲಿಸಿ ಅದರ ಹಿಂದಿನ ಅಕ್ಷರವನ್ನು ಒಂದೇ ಮಾತ್ರೆಯಾಗಿ ಎಣಿಸುವುದು. ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ಒಪ್ಪಿದ್ದಕ್ಕೆ ಈಗ ನಿಮ್ಮ ರುಜು ಬೇಕೇ?

ಯತಿಭಂಗ: ಕೇಶಿರಾಜನ ಕೈಹಿಡಿದು ಮೊದಲ ಸಾಲು ದಾಟಿದವರು ಎರಡನೆಯದರಲ್ಲಿ ‘ಬೇರಿಗೆ’ ಅಂತ ಅವನ ಕೈಬಿಟ್ಟಿರಲ್ಲ? ಹಳಗನ್ನಡವಾದರೆ ‘ಬೇರ್ಗೆ’. ಇಷ್ಟಕ್ಕೂ ‘ಸೋರುವ ಬೆವರಿನ ಹನಿಯಿಂ’ ಎಂದಿದ್ದರೆ ಯಾರ ಹಂಗೂ ಬೇಡ, ಹನ್ನೆರಡಕ್ಕೆ ಹನ್ನೆರಡು.

ಗುದ್ದಲಿಭಟ್ಟ: ಲೆಕ್ಕ ಸರಿಹೋಗುತ್ತದೆ, ಹನಿ ಒಣಗುತ್ತದೆ. ‘ಬೆಮರ್ವನಿ’ಯಲ್ಲಿ ರಕಾರ ನಾಲಿಗೆಯ ಮೇಲೆ ನಿಲ್ಲದೆ ಜಾರುತ್ತದೆ ನೋಡಿ, ಹಣೆಯಿಂದ ಬೆವರು ಜಾರಿದ ಹಾಗೆ. ಹೋದ ಸಲ ಬೆಸ ಗಣದಲ್ಲಿ, ಅಂದರೆ ಬೆಸಸಂಖ್ಯೆಯ ನಾಲ್ಕು ಮಾತ್ರೆಯ ಗುಂಪಿನಲ್ಲಿ, ಕೂಡದ ಜಗಣ (ಲಘು-ಗುರು-ಲಘು) ಕೂರಿಸಿದವರಿಗೆ ಇದು ಕೇಳಿಸುವುದು ಕಷ್ಟ.

ಯತಿಭಂಗ: ಆ ಜಗಣವನ್ನು ಅವತ್ತೇ ತಿದ್ದಿದ್ದೆ. ನೀವು ಯಾವುದನ್ನಾದರೂ ತಿದ್ದಿದ್ದುಂಟೇ?

ತೋಟಗಾರ: ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮೆ ಇರಲಿ. ಸಂಚಾಲಕರೇ, ಒಣಮಣ್ಣಿನಲ್ಲಿ ಹಾರೆ ಹಾಕಿದರೆ ಬಾಗದೆ ಇನ್ನೇನು? ಹಿಂದಿನ ಸಂಜೆ ಬುಡ ತುಂಬ ನೀರು ಬಿಡಿ. ಮರುದಿನ ಸುತ್ತ ಕಾಲುವೆಯಂತೆ ತೋಡಿ, ಪಕ್ಕದ ಬೇರುಗಳನ್ನು ಒಂದೊಂದಾಗಿ ಕಡಿಯಿರಿ. ತಾಯಿಬೇರಿಗೆ ಕೊನೆಗೆ ಕೈಹಾಕಿ. ಕೊನ್ನಾರಿಯಾದರೆ ಮಾತ್ರ ಎಳೆಯಲೇಬೇಡಿ. ಹುಲ್ಲು ಕೈಗೆ ಬರುತ್ತದೆ, ಗೆಡ್ಡೆ ಒಳಗೇ ಉಳಿದು ಮತ್ತೆ ಚಿಗುರುತ್ತದೆ.

ಯತಿಭಂಗ: ಕೇಳಿದಿರಾ ಭಟ್ಟರೇ? ನೀರೆರೆದರೆ ಮಣ್ಣು ಸಡಿಲವಾಗಬೇಕಂತೆ. ನಿಮ್ಮ ಪದ್ಯದಲ್ಲಿ ಮಣ್ಣು ಶಿಥಿಲವಾಗಲಿಲ್ಲ, ದ್ವಿತ್ವ ಮಾತ್ರ ಆಯಿತು.

ಕಂದಮ್ಮ: 😂 ಇದಕ್ಕೆ ಪೂರ್ತಿ ಅಂಕ.

ಗುದ್ದಲಿಭಟ್ಟ: ಗದ್ಯದಲ್ಲಿ ಅವರು ಯಾವಾಗಲೂ ಚೆನ್ನಾಗಿಯೇ ಬರೆಯುತ್ತಾರೆ. ಪೂರಣ ಎಲ್ಲಿ?

ಯತಿಭಂಗ: ತಗೊಳ್ಳಿ.

ಆರೋ ಪೇಳ್ದರ್ ಮೇಲಕೆ
ಬೇರಿರ್ಪಶ್ವತ್ಥಮೊಂದು ತರುವುಂಟೆನುತುಂ;
ತೋರಿಸೆ ನೆಡುವೆಂ, ನಮ್ಮೀ
ಬೇರಂ ಕೀಳಲ್ಕೆ ಬೇರೆ ಜನ್ಮಂ ಬೇಕಯ್

ಸಂಚಾಲಕ: ವೇದಾಂತ ಬೇಡ ಅಂದಿದ್ದೆ. ಆದರೂ ಮೂರನೇ ಸಾಲಿನಿಂದ ನಾಲ್ಕಕ್ಕೆ ಮಾತು ಹರಿದದ್ದು ಸೊಗಸಾಗಿದೆ.

ಗುದ್ದಲಿಭಟ್ಟ: ಗೀತಾಚಾರ್ಯ ಕೃಷ್ಣ ‘ಆರೋ’ ಆಗಿಬಿಟ್ಟನೇ? ಹದಿನೈದನೇ ಅಧ್ಯಾಯದಲ್ಲಿ ಆ ಮರ ಕಡಿಯುವ ಉಪಾಯವನ್ನೂ ಅವನೇ ಹೇಳಿದ್ದಾನೆ, ಅಸಂಗಶಸ್ತ್ರ, ಅಂದರೆ ನಿರ್ಲಿಪ್ತತೆಯೆಂಬ ಆಯುಧ.

ಸಂಚಾಲಕ: ಹಾರ್ಡ್‌ವೇರ್ ಅಂಗಡಿಯಲ್ಲಿ ಅದು ಇರಲಿಲ್ಲ, ಪಿಕಾಸಿ ಕೊಟ್ಟರು.

ಕಂದಮ್ಮ: ಸಗರನ ಮಕ್ಕಳನ್ನು ಕರೆಸಿ. 60,000 ಜನ, ಕುದುರೆ ಹುಡುಕುತ್ತ ಪಾತಾಳದವರೆಗೆ ಅಗೆದ ಅನುಭವ ಇದೆ.

ತೋಟಗಾರ: ಅಷ್ಟು ಜನ ತುಳಿದರೆ ಮಣ್ಣು ಇನ್ನೂ ಗಟ್ಟಿಯಾಗುತ್ತದೆ.

ಹೊಸಬ: ಎಲ್ಲರಿಗೂ ನಮಸ್ಕಾರ. ಮೊದಲ ಪ್ರಯತ್ನ, ತಪ್ಪಿದ್ದರೆ ತಿಳಿಸಿ.

ಕೋರೆಯ ವರಾಹನಾದೊಡೆ
ಧಾರಿಣಿಯನೆ ನೆಗಪಲಕ್ಕುಮೀ ಬೇರೆನಿತೋ!
ನಾರಾಯಣ ನೀಂ, ನರನಾಂ,
ಬೇರಂ ಕೀಳಲ್ಕೆ ಬೇರೆ ಜನ್ಮಂ ಬೇಕಯ್

ಸಂಚಾಲಕ: ಚೆನ್ನಾಗಿದೆ.

ಯತಿಭಂಗ: ಚೆನ್ನಾಗಿದೆ. ಭಟ್ಟರೇ, ‘ಬೇರಿಗೆ’ಗೆ ಉತ್ತರ ಬರಲಿಲ್ಲ.

ಗುದ್ದಲಿಭಟ್ಟ: ‘ಬೇರ್ಗೆ’ ಅಂದರೆ ಮೊದಲ ಗಣಕ್ಕೆ ಮೂರೇ ಮಾತ್ರೆ, ಸಾಲಿನ ಎರಡನೆಯದಾದ ಪ್ರಾಸಾಕ್ಷರಕ್ಕೂ ಒತ್ತು ಬಂದು ಕೆಟ್ಟಿತು. ನಿಮ್ಮ ತಿದ್ದುಪಡಿಯ ಯೋಗ್ಯತೆ ಇಷ್ಟು.

ಯತಿಭಂಗ: ಹಾಗೇ ಹಾಕಿ ಎಂದೆನೇ? ಸಾಲನ್ನೇ ಬೇರೆ ಕಟ್ಟಿ ಎಂದೆ.

ಕಂದಮ್ಮ: ವರಾಹನನ್ನು ತಂದ ಪುಣ್ಯಾತ್ಮನಿಗೆ ಇಬ್ಬರೂ ಸರಿಯಾಗಿ ಒಂದು ಭೇಷ್ ಹೇಳಬಾರದೇ?

ಯತಿಭಂಗ: ಹೇಳಿದೆನಲ್ಲ.

ಸಂಚಾಲಕ: ಬೇರು ಇನ್ನೂ ಅಲ್ಲೇ ಇದೆ, ಇವತ್ತು ಸಂಜೆ ನೀರು ಬಿಡುತ್ತೇನೆ. ಮುಂದಿನ ವಾರದ ಸಮಸ್ಯೆ ಯಾರದು?

ಗುದ್ದಲಿಭಟ್ಟ: ನನ್ನದು. ಅದರಲ್ಲಿ ಶಿಥಿಲದ್ವಿತ್ವ ಎರಡು ಇರುತ್ತವೆ.