ಉದ್ಯಮಬಾಗದಿಂದ ಮಷೀನ್ ಶಾಪ್ ಸಣ್ಣ ಊರಿಗೆ ಒಯ್ಯಬೇಕು: ಕಿತ್ತೂರು, ಬೈಲಹೊಂಗಲ, ಸಂಕೇಶ್ವರ, ಮುಧೋಳ ಪೈಕಿ ಯಾವುದು?

ಬಾಡಿಗೆ_ಶೆಡ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಉದ್ಯಮಬಾಗದ ಬಾಡಿಗೆ ಶೆಡ್‌ನಲ್ಲಿರುವ ಮಷೀನ್ ಶಾಪ್ ಸ್ವಂತ ಜಾಗಕ್ಕೆ ಹೋಗಬೇಕಾಗಿದೆ. 8 ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇಥ್, 3 ವಿಎಂಸಿ (ಮಿಲ್ಲಿಂಗ್–ಡ್ರಿಲ್ಲಿಂಗ್ ಮಾಡುವ ಸಿಎನ್‌ಸಿ ಮಷೀನ್), 20 ಎಚ್‌ಪಿ ಸ್ಕ್ರೂ ಕಂಪ್ರೆಸರ್. ಎಲ್ಲ ಸೇರಿ ಲೋಡ್ ಸುಮಾರು 160 ಕಿಲೋವ್ಯಾಟ್. 32 ಜನ, ಎರಡು ಪಾಳಿ. ತಿಂಗಳಿಗೆ 60 ಟನ್ ಬೀಡಿನ (ಎರಕದ ಕಬ್ಬಿಣದ) ಕಾಸ್ಟಿಂಗ್ ಬರುತ್ತದೆ. ಮುಕ್ಕಾಲು ಪಾಲು ಬೆಳಗಾವಿ ಫೌಂಡ್ರಿಗಳದ್ದು (ಎರಕದ ಕಾರ್ಖಾನೆಗಳದ್ದು), ಉಳಿದದ್ದು ಕೊಲ್ಹಾಪುರದ ಕಡೆಯದು. ತಯಾರಾದ ಮಾಲು ಹೆಚ್ಚಾಗಿ ಪುಣೆಗೆ, ಸ್ವಲ್ಪ ಧಾರವಾಡಕ್ಕೆ.

ಮುಂದಿರುವ ಆಯ್ಕೆ: ಕಿತ್ತೂರು ಕೈಗಾರಿಕಾ ಪ್ರದೇಶದಲ್ಲಿ ಪ್ಲಾಟ್, ಬೈಲಹೊಂಗಲ ಹತ್ತಿರ ಎರಡು ಎಕರೆ ಎರಿ ಹೊಲ, ಸಂಕೇಶ್ವರ–ಕಣಗಲಾ ಪಟ್ಟಿಯಲ್ಲಿ ಎಲ್ಲಾದರೂ, ಇಲ್ಲವೇ ಮುಧೋಳದಲ್ಲಿ ಸಂಬಂಧಿಕರ ಜಾಗ. ಮುಧೋಳದ್ದು ಎಲ್ಲಕ್ಕಿಂತ ಅಗ್ಗ. ಜಾಗದ ರೇಟ್ ಬಿಟ್ಟು ಬೇರೆ ಏನೇನು ತೂಗಿ ನೋಡಬೇಕು?

ಸೆಟ್ಟರ್_ಮಾಮಾ

ರೇಟ್ ಆಮ್ಯಾಲ ನೋಡ್ರಿ. ಮೊದಲ ಒಂದು ನೋಟ್‌ಬುಕ್ ಗೇಟಿಗೆ ಕಟ್ರಿ. ಒಂದು ತಿಂಗಳು ನಿಮ್ಮ ಶೆಡ್‌ನಿಂದ ಯಾರು ಯಾವುದಕ್ಕ ಹೊರಗ ಹೋದ್ರು ಅನ್ನೂದನ್ನ ಬರಸ್ರಿ. ಡ್ರಿಲ್ ರೀಗ್ರೈಂಡಿಂಗ್, ಫಿಕ್ಸ್ಚರ್ ಪಿನ್ ಹಾರ್ಡನಿಂಗ್, ಸರ್ಫೇಸ್ ಗ್ರೈಂಡಿಂಗ್, ಗೇಜ್ ಕ್ಯಾಲಿಬ್ರೇಷನ್, ಒಂದು ಓ-ರಿಂಗ್, ಒಂದು ವಿ-ಬೆಲ್ಟ್. ಉದ್ಯಮಬಾಗದಾಗ ಇವೆಲ್ಲ ಬೈಕ್ ಮ್ಯಾಲ ಹತ್ತ ನಿಮಿಷದ ಕೆಲಸ, ಹಿಂಗಾಗಿ ಯಾರೂ ಇದನ್ನ ಖರ್ಚಿನಾಗ ಹಿಡಿಯೂದಿಲ್ಲ. 50 ಕಿ.ಮೀ. ದೂರ ಹೋದ ಮ್ಯಾಲ ಅದ ಕೆಲಸ ಅರ್ಧ ದಿನ ತಿಂತದ, ಅಷ್ಟೊತ್ತು ಮಷೀನ್ ಬಾಯಿ ತಕ್ಕೊಂಡು ನಿಂತಿರತದ.

ಇನ್ನ ಮಾಲಿನ ಲೆಕ್ಕ. 60 ಟನ್ ಕಾಸ್ಟಿಂಗ್‌ಗೆ 15 ಪರ್ಸೆಂಟ್ ಚಿಪ್ಸ್ (ಕೊರದಾಗ ಉದುರೂ ಚೂರು) ಅಂತ ಹಿಡದ್ರ 9 ಟನ್ ವಾಪಸ್ ಫೌಂಡ್ರಿಗೇ ಹೋಗೂದು. ಬೋರ್ (ಒಳಗಿನ ದುಂಡ ತೂತು) ಹೊಡದ ಮ್ಯಾಲ ಒಳಗ ಬ್ಲೋ ಹೋಲ್ (ಎರಕದಾಗ ಗಾಳಿ ಸಿಕ್ಕು ಆದ ಪೊಳ್ಳು) ಕಂಡ ಮಾಲು ಬ್ಯಾರೆ. 4 ಪರ್ಸೆಂಟ್ ಅಂದ್ರ ಎರಡೂವರೆ ಟನ್ ಹತ್ರ. ಇದೂ ವಾಪಸ್. ಅದರ ಬದಲಿ ಕಾಸ್ಟಿಂಗ್ ಮತ್ತ ಬರಬೇಕು. ಫೌಂಡ್ರಿ ಹತ್ರ ಇದ್ರ ಬ್ಲೋ ಹೋಲ್ ಕಂಡ ದಿನಾನೇ ಅವರ ಮನಶಾ ಬಂದು ನೋಡಿ ಹೋಗ್ತಾನ. ಮುಧೋಳ ಅಂದ್ರ ಬೆಳಗಾವಿಯಿಂದ ನೂರು ಕಿ.ಮೀ. ಹತ್ರ ಹತ್ರ. ಅವ ನಾಳೆ ಅಂತಾನ, ನಾಡಿದ್ದ ಅಂತಾನ, ಅಷ್ಟರಾಗ ಅದ ಹೀಟ್‌ನ (ಒಂದ ಸಲ ಕರಗಿಸಿ ಹೊಯ್ದ ಎರಕದ) ಇನ್ನ ಎರಡ ಟನ್ ಮಷೀನ್ ಆಗಿರತದ.

ದಿಕ್ಕೂ ನೋಡ್ರಿ. ನಿಮ್ಮ ಮಾಲು ಪುಣೆಗೆ, ಅಂದ್ರ ಉತ್ತರಕ್ಕ. ಕಿತ್ತೂರು ಬೆಳಗಾವಿಯ ದಕ್ಷಿಣಕ್ಕ. ಕಾಸ್ಟಿಂಗ್ ಅಲ್ಲಿಗೆ 50 ಕಿ.ಮೀ. ಇಳೀತದ, ತಯಾರಾಗಿ ಅದ ದಾರಿ ಮತ್ತ ಹತ್ತತದ. ಸಂಕೇಶ್ವರ–ಕಣಗಲಾ ಆದ್ರ ಹೋಗೂ ದಾರಿಯಾಗ ಕೆಲಸ ಆಗತದ, ಕೊಲ್ಹಾಪುರದ ಕಾಸ್ಟಿಂಗ್‌ಗೂ ಹತ್ರ. ನನ್ನ ಮತ ಅಲ್ಲಿಗೆ. ಮುಧೋಳದ ಜಾಗ ಅಗ್ಗ ಐತಿ ಅಂತ ಬೀಗರ ಊರಾಗ ಫ್ಯಾಕ್ಟರಿ ಹಾಕಬ್ಯಾಡ್ರಿ. ಊಟ ಚಲೋ ಸಿಗತದ, ಡ್ರಿಲ್ ಗ್ರೈಂಡಿಂಗ್ ಸಿಗೂದಿಲ್ಲ.

ಹನ್ನೊಂದು_ಕೆವಿ

ಸೆಟ್ಟರ್ ಮಾಮಾ ಅವರ ದಿಕ್ಕಿನ ಮಾತು ಸರಿ. ಆದರೆ ಊರು ಯಾವುದು ಅನ್ನುವುದಕ್ಕಿಂತ ಮೊದಲು ಫೀಡರ್ (ಸಬ್‌ಸ್ಟೇಷನ್‌ನಿಂದ ಬರುವ ಕರೆಂಟ್ ಲೈನ್) ಯಾವುದು ಅಂತ ಕೇಳಿ. ಒಂದೇ ಊರಿನ ಆಚೆ–ಈಚೆ ಎರಡು ಹೊಲಕ್ಕೆ ಎರಡು ಬೇರೆ ಕರೆಂಟ್ ಇರುತ್ತದೆ.

ಹಳ್ಳಿ ಕಡೆ ಪಂಪ್‌ಸೆಟ್ ಫೀಡರ್ ಬೇರೆ, ಮನೆಗಳಿಗೆ ಕರೆಂಟ್ ಕೊಡುವ ನಿರಂತರ ಜ್ಯೋತಿ ಫೀಡರ್ ಬೇರೆ. ಪಂಪ್‌ಸೆಟ್ ಲೈನಿನಲ್ಲಿ ತ್ರೀ ಫೇಸ್ ಇರುವುದು ದಿನಕ್ಕೆ 7 ತಾಸು, ಅದೂ ಪಾಳಿಯಲ್ಲಿ. ಹೊಲದ ಬದುವಿನಲ್ಲೇ ಹಾದು ಹೋಗುವ ತಂತಿ ಅದೇ ಆಗಿರಬಹುದು. ಮಾರುವವರು ಅದನ್ನೇ ತೋರಿಸಿ 'ಲೈನ್ ಇಲ್ಲೇ ಐತಲ್ರೀ' ಅನ್ನುತ್ತಾರೆ. ನಿಮಗೆ ಬೇಕಾದದ್ದು ಕೈಗಾರಿಕಾ ಫೀಡರ್. ಅದು ಇಲ್ಲದಿದ್ದರೆ ಸಬ್‌ಸ್ಟೇಷನ್‌ನಿಂದ ಪ್ರತ್ಯೇಕ 11 ಕೆವಿ ಎಕ್ಸ್‌ಪ್ರೆಸ್ ಲೈನ್ ಎಳೆಯಬೇಕು. ಆ ಖರ್ಚು ನಿಮ್ಮದು, ಕಿಲೋಮೀಟರ್ ಲೆಕ್ಕದಲ್ಲಿ ಏರುತ್ತದೆ. ಎರಡು ಎಕರೆಯಲ್ಲಿ ಉಳಿಸಿದ ದುಡ್ಡು ಕಂಬಗಳಲ್ಲಿ ಹೋಗುತ್ತದೆ.

ನೋಡುವ ಕ್ರಮ ಹೀಗೆ. ಜಾಗಕ್ಕೆ ಮುಂಗಡ ಕೊಡುವ ಮೊದಲು ಹೆಸ್ಕಾಂ ಸಬ್‌ಡಿವಿಜನ್‌ಗೆ ಹೋಗಿ, ಆ ಸರ್ವೆ ನಂಬರಿಗೆ ಯಾವ ಸಬ್‌ಸ್ಟೇಷನ್, ಯಾವ ಫೀಡರ್ ಅಂತ ತಿಳಿದುಕೊಳ್ಳಿ. ಆ ಫೀಡರಿನ ಹಿಂದಿನ 12 ತಿಂಗಳ ಲಾಗ್‌ಶೀಟ್ ನೋಡಲು ಸಿಗುತ್ತದೆಯೇ ಕೇಳಿ. ಅದರಲ್ಲಿ ಎಷ್ಟು ತಾಸು ಹೋಗಿತ್ತು ಅನ್ನುವುದನ್ನು ಎಲ್ಲರೂ ನೋಡುತ್ತಾರೆ. ನೀವು ಎಷ್ಟು ಸಲ ಟ್ರಿಪ್ ಆಯಿತು ಅನ್ನುವುದನ್ನು ಎಣಿಸಿ. ಸಿಎನ್‌ಸಿಗೆ ಎರಡು ಸೆಕೆಂಡ್ ಹೋಗುವುದೂ ಒಂದೇ, ಒಂದು ತಾಸು ಹೋಗುವುದೂ ಒಂದೇ. ಕಟ್‌ನಲ್ಲಿದ್ದ ಇನ್ಸರ್ಟ್ (ಕೊರೆಯುವ ಬಿಲ್ಲೆ) ಒಡೆಯಿತು, ಬೋರ್ ಮೇಲೆ ಗೆರೆ ಬಿತ್ತು, ಡ್ರೈವ್ ಅಲಾರಂ ಬಂತು. 11 ಮಷೀನ್ ಮತ್ತೆ ರೆಫರೆನ್ಸ್‌ಗೆ (ಶುರುವಿನ ಸ್ಥಾನಕ್ಕೆ) ಬಂದು ಲಯಕ್ಕೆ ಬೀಳಲು 20 ನಿಮಿಷ ಹಿಡಿಯಿರಿ. ದಿನಕ್ಕೆ ನಾಲ್ಕು ಟ್ರಿಪ್ ಆದರೆ ಸರಿಸುಮಾರು ಒಂದೂವರೆ ತಾಸು ಹೋಯಿತು, ಕರೆಂಟ್ ಮಾತ್ರ ದಾಖಲೆಯಲ್ಲಿ ಇಡೀ ದಿನ ಇದ್ದಂತೆ.

ವೋಲ್ಟೇಜ್ ಬೇಸಿಗೆಯಲ್ಲಿ ನೋಡಬೇಕು. ಕಬ್ಬಿಗೆ ನೀರು ಹಾಯಿಸುವ ತಿಂಗಳುಗಳಲ್ಲಿ ಫೀಡರಿನ ತುದಿಯಲ್ಲಿ 415 ಇರಬೇಕಾದದ್ದು 360–370ಕ್ಕೆ ಇಳಿಯುವುದುಂಟು. ಮಳೆಗಾಲದಲ್ಲಿ ಹೋಗಿ ಮೀಟರ್ ಹಿಡಿದರೆ ಎಲ್ಲವೂ ಚೆಂದ ಕಾಣುತ್ತದೆ. ಪಕ್ಕದ ಗಿರಣಿಯಲ್ಲೋ ವೆಲ್ಡಿಂಗ್ ಶಾಪ್‌ನಲ್ಲೋ ಕೇಳಿ ಒಂದು ವಾರ ಡೇಟಾ ಲಾಗರ್ ಕಟ್ಟಿ.

ನಿಮ್ಮ ಲೋಡ್ 160 ಇದ್ದರೂ ಏಕಕಾಲದ ಡಿಮ್ಯಾಂಡ್ 80–85 ಕಿಲೋವ್ಯಾಟ್ ದಾಟುವುದು ಕಷ್ಟ. ಜನರೇಟರ್ 125 ಕೆವಿಎ ಸಾಕು. ಆದರೆ ಒಂದು ಲೀಟರ್ ಡೀಸೆಲ್‌ಗೆ ಸಿಗುವುದು 3ರಿಂದ 3.5 ಯೂನಿಟ್, ಅಂದರೆ ಯೂನಿಟ್‌ಗೆ 25 ರೂಪಾಯಿ ಮೇಲೆಯೇ. ಅದರ ಮೇಲೆ ಜಾಬ್‌ವರ್ಕ್ ನಡೆಯುವುದಿಲ್ಲ. ಚಾವಣಿ ಮೇಲೆ ಸೋಲಾರ್ ಹಾಕಿದರೆ ಬಿಲ್ ಇಳಿಯುತ್ತದೆ, ಆದರೆ ಗ್ರಿಡ್ ಹೋದ ಕ್ಷಣ ಆ ಇನ್ವರ್ಟರೂ ನಿಲ್ಲುತ್ತದೆ. ಅದನ್ನು ಬ್ಯಾಕಪ್ ಅಂತ ಎಣಿಸಬೇಡಿ. ಎಲ್‌ಟಿಯಲ್ಲಿ (ಕಡಿಮೆ ವೋಲ್ಟೇಜ್) ಕೊಡುತ್ತಾರೋ ಎಚ್‌ಟಿಗೆ (ಹೆಚ್ಚಿನ ವೋಲ್ಟೇಜ್) ಹೋಗಬೇಕೋ ಅನ್ನುವುದನ್ನೂ ಲಿಖಿತವಾಗಿ ಪಡೆಯಿರಿ. ಎಚ್‌ಟಿ ಆದರೆ ಸ್ವಂತ ಟ್ರಾನ್ಸ್‌ಫಾರ್ಮರ್, ಮೀಟರಿಂಗ್ ಕ್ಯೂಬಿಕಲ್, ಇನ್‌ಸ್ಪೆಕ್ಟೊರೇಟ್ ಮಂಜೂರಾತಿ ಎಲ್ಲ ಬರುತ್ತದೆ.

ಉತಾರ_ನೋಡಿ

ಬೈಲಹೊಂಗಲದ ಹೊಲದ ಬಗ್ಗೆ. ಭೂ ಸುಧಾರಣಾ ಕಾಯ್ದೆಗೆ 2020ರ ತಿದ್ದುಪಡಿಯಾದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು ನಿಜ, ಆದರೆ ಕೊಂಡ ಮಾತ್ರಕ್ಕೆ ಶೆಡ್ ಏಳುವುದಿಲ್ಲ. ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಬೇಕೇ ಅಂತ ಮೊದಲು ಕೇಳಿ ತಿಳಿದುಕೊಳ್ಳಿ. ಉತಾರದ (ಪಹಣಿಯ) 9ನೇ ಕಾಲಂನಲ್ಲಿ ಎಷ್ಟು ಹೆಸರಿವೆ ನೋಡಿ. ಅಣ್ಣ–ತಮ್ಮಂದಿರ ಜಂಟಿ ಖಾತೆಯಿದ್ದರೆ ಎಲ್ಲರ ಸಹಿ ಬೇಕು, ತಂಗಿಯರದ್ದೂ. 11ನೇ ಕಾಲಂನಲ್ಲಿ ಸೊಸೈಟಿ, ಬ್ಯಾಂಕ್ ಸಾಲದ ಬೋಜಾ ಇರುತ್ತದೆ. ಆರು ಎಕರೆಯ ಸರ್ವೆ ನಂಬರಿನಲ್ಲಿ ಎರಡು ಎಕರೆ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ (ಆ ಭಾಗದ ಅಳತೆ ನಕ್ಷೆ) ಆಗದೆ ನೋಂದಣಿ ಆಗದು. ಜಮೀನು ಮೂಲತಃ ಪರಿಶಿಷ್ಟ ಜಾತಿ–ಪಂಗಡದವರಿಗೆ ಸರಕಾರ ಕೊಟ್ಟದ್ದಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ, ಸರಕಾರದ ಅನುಮತಿ ಇಲ್ಲದ ಖರೀದಿ ಮುಂದೆ ರದ್ದಾಗುತ್ತದೆ. ಎನ್.ಎ. ಹಾಳೆ ಕೈಯಲ್ಲಿದೆ ಅಂತ ಮಾರುವವರು ಹೇಳಿದರೆ ಅದು ವಸತಿಗೋ ಕೈಗಾರಿಕೆಗೋ ಓದಿ ನೋಡಿ.

ಮತ್ತೆ ದಾರಿ. ಹೊಲಕ್ಕೆ ಚಕ್ಕಡಿ ದಾರಿ ಇರುತ್ತದೆ, ಗ್ರಾಮ ನಕಾಶೆಯಲ್ಲಿ ಅದು ಇರದೇ ಇರಬಹುದು. 40 ಅಡಿ ಟ್ರೇಲರ್ ತಿರುಗುವ ಜಾಗದಲ್ಲಿ ಪಕ್ಕದವನು ಒಂದು ದಿನ ಕಲ್ಲು ನೆಟ್ಟರೆ ಮುಗಿಯಿತು.

ಮುಧೋಳ, ಜಮಖಂಡಿ, ಬೀಳಗಿ, ಬಾಗಲಕೋಟೆ ಕಡೆ ನದಿ ದಂಡೆ ಸಮೀಪದ ಜಾಗಕ್ಕೆ ಇನ್ನೊಂದು ಪ್ರಶ್ನೆ: ಮಟ್ಟ ಎಷ್ಟು? ಆಲಮಟ್ಟಿ ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲಿಸುವುದು 519.60 ಮೀಟರಿಗೆ, ಎತ್ತರಿಸಬೇಕೆಂದಿರುವುದು 524.256 ಮೀಟರಿಗೆ. ಈ ಎರಡರ ನಡುವೆ ಬರುವ, ಮುಂದೆ ಮುಳುಗಬಹುದಾದ ಜಾಗ ಅಗ್ಗವಾಗಿಯೇ ಸಿಗುತ್ತದೆ! ಘಟಪ್ರಭಾ ದಂಡೆಯಲ್ಲಾದರೆ 2019ರ ಆಗಸ್ಟ್‌ನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಊರವರನ್ನು ಕೇಳಿ, ಗೋಡೆ ಮೇಲಿನ ಗುರುತು ತೋರಿಸುತ್ತಾರೆ.

ಕೆಐಎಡಿಬಿ (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಪ್ಲಾಟ್‌ನಲ್ಲಿ ಈ ತಲೆನೋವು ಕಡಿಮೆ. ಸಬ್ಸಿಡಿ ನಂಬಿ ಲೆಕ್ಕ ಹಾಕುವ ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಒಂದೇ ಪ್ರಶ್ನೆ ಬರೆದು ಕೊಡಿ: ಇದ್ದ ಘಟಕ ಸ್ಥಳಾಂತರವಾದರೆ ಅದು ಹೊಸ ಘಟಕವೇ, ಹಳೆಯ ಮಷೀನ್ ಹೂಡಿಕೆಯಲ್ಲಿ ಎಣಿಕೆಯಾಗುತ್ತದೆಯೇ? ಉತ್ತರ ಬಾಯಿಮಾತಲ್ಲಿ ಬೇಡ.

ಎರಿಮಣ್ಣು

ಬೈಲಹೊಂಗಲದ ಎರಿ ಹೊಲದಲ್ಲಿ ವಿಎಂಸಿ ಕೂರಿಸುವುದಾದರೆ ಕಟ್ಟಡದ ಬಜೆಟ್ ಬೇರೆಯೇ ಹಾಕಿ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಬರೀ ಫರಸಿ ಕಾಂಕ್ರೀಟ್ ಹಾಕಿ ಮಷೀನ್ ಇಟ್ಟರೆ ಜೂನ್‌ನಲ್ಲಿ ಮಾಡಿದ ಲೆವೆಲ್ ಅಕ್ಟೋಬರ್‌ಗೆ ಇರುವುದಿಲ್ಲ. ಬೋರ್ ಟೇಪರ್ (ಒಂದು ತುದಿ ಅಗಲ, ಇನ್ನೊಂದು ಕಿರಿದು) ಬರತೊಡಗುತ್ತದೆ, ಸೆಟ್ಟರ್ (ಮಷೀನ್ ಹೊಂದಿಸುವವನು) ಆಫ್‌ಸೆಟ್ (ಅಳತೆ ತಿದ್ದುಪಡಿ) ಕೊಡುತ್ತಾ ಕೂಡುತ್ತಾನೆ, ದೋಷ ನೆಲದಲ್ಲಿದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಮೂರು ಕಡೆ ಗುಂಡಿ ತೋಡಿಸಿ ಗಟ್ಟಿ ಗರಸು ಎಷ್ಟು ಆಳಕ್ಕೆ ಸಿಗುತ್ತದೆ ನೋಡಿ. ಐದಾರು ಅಡಿಗೆ ಸಿಕ್ಕರೆ ಎರಿಯನ್ನೆಲ್ಲ ತೆಗೆದು, ಗರಸನ್ನು 200 ಮಿ.ಮೀ. ಪದರಗಳಲ್ಲಿ ನೀರು ಹೊಡೆದು ರೋಲರ್ ಓಡಿಸಿ ತುಂಬಿ. ಇನ್ನೂ ಆಳವಾದರೆ ಕಂಬಗಳಿಗೆ ಅಂಡರ್–ರೀಮ್ಡ್ ಪೈಲ್, ಮಷೀನ್‌ಗಳಿಗೆ ನೆಲದಿಂದ ಬೇರ್ಪಟ್ಟ ಆರ್‌ಸಿಸಿ ಬೆಡ್. ಗೋಡೆ ಸುತ್ತ ಮಳೆನೀರು ನಿಲ್ಲದ ಹಾಗೆ ಒಂದೂವರೆ ಮೀಟರ್ ಅಗಲದ ಇಳಿಜಾರು ಕಾಂಕ್ರೀಟ್ ಕಡ್ಡಾಯ.

ನೀರಿನ ಮಾತು ಯಾರೂ ಎತ್ತಲಿಲ್ಲ. ಬೋರ್‌ವೆಲ್ ನೀರು ಗಡಸಾಗಿದ್ದರೆ ಕೂಲಂಟ್ (ಕೊರೆಯುವಾಗ ತಂಪು ಮಾಡುವ ದ್ರವ) ಒಡೆಯುತ್ತದೆ, ಮೇಲೆ ಸಾಬೂನಿನ ಕೆನೆಯಂಥದು ಕಟ್ಟುತ್ತದೆ, ಬೀಡಿನ ಮಾಲಿಗೆ ಒಂದೇ ರಾತ್ರಿಯಲ್ಲಿ ತುಕ್ಕು. ಗಡಸುತನ 400 ಪಿಪಿಎಂ ದಾಟಿದರೆ ಆರ್‌ಒ ನೀರು ಬೆರೆಸಿ 150–200ಕ್ಕೆ ಇಳಿಸಿ, ರಿಫ್ರ್ಯಾಕ್ಟೋಮೀಟರ್ (ಕೂಲಂಟ್ ಪ್ರಮಾಣ ಅಳೆಯುವ ಉಪಕರಣ) ಇಟ್ಟುಕೊಂಡು ಕೂಲಂಟ್ 6–8 ಪರ್ಸೆಂಟ್ ಹಿಡಿಯಿರಿ.

ಮುಧೋಳಕ್ಕೇ ಹೋಗುವುದಾದರೆ ಬಿಸಿಲಿನ ಲೆಕ್ಕವೂ ಇರಲಿ. ಶಾಪ್ 38 ಡಿಗ್ರಿ, ಗೇಜ್ ರೂಮ್ ಎಸಿಯಲ್ಲಿ 22. 100 ಮಿ.ಮೀ. ಬೋರ್‌ಗೆ ಈ 16 ಡಿಗ್ರಿ ವ್ಯತ್ಯಾಸದಲ್ಲೇ 0.017 ಮಿ.ಮೀ. ಬರುತ್ತದೆ. ಎಚ್7 ಟಾಲರೆನ್ಸ್ (ಆ ಬೋರ್ ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಇರುವುದೇ 0.035. ಮಾಸ್ಟರ್ ರಿಂಗ್ (ಗೇಜ್ ಹೊಂದಿಸುವ ಮಾದರಿ ಉಂಗುರ) ಎಸಿಯಲ್ಲಿಟ್ಟು, ಬಿಸಿ ಮಾಲನ್ನು ಆಗಲೇ ಅಳೆದರೆ ಅರ್ಧ ಟಾಲರೆನ್ಸ್ ಅಲ್ಲೇ ಕಳೆಯಿತು. ಮಾಸ್ಟರ್ ಮಷೀನ್ ಪಕ್ಕದಲ್ಲೇ ಇರಲಿ.

ಬಾಡಿಗೆ_ಶೆಡ್

ಎಲ್ಲರಿಗೂ ಧನ್ಯವಾದ. ಮುಧೋಳ ಕೈಬಿಟ್ಟೆ, ಬೈಲಹೊಂಗಲವೂ ಬಹುತೇಕ ಬಿಟ್ಟಂತೆ. ಕಣಗಲಾ ಮತ್ತು ಕಿತ್ತೂರು ಉಳಿದವು. ಜನ ಮತ್ತು ಶಿಫ್ಟಿಂಗ್ ಬಗ್ಗೆ ಹೇಳಿ. ಗ್ರಾಹಕರಿಗೆ ಒಂದು ದಿನವೂ ಮಾಲು ನಿಲ್ಲುವಂತಿಲ್ಲ.

ಗೇಜ್_ರೂಮ್

ಗ್ರಾಹಕರಿಗೆ ಈಗಲೇ ಪತ್ರ ಬರೆಯಿರಿ. ವಾಹನ ಬಿಡಿಭಾಗವಾದರೆ ಜಾಗ ಬದಲಾದಾಗ ಮತ್ತೆ ಪಿಪಿಎಪಿ (ಪಾರ್ಟ್‌ಗೆ ಗ್ರಾಹಕರ ಮಂಜೂರಾತಿ ಪಡೆಯುವ ಪ್ರಕ್ರಿಯೆ) ಕೇಳುತ್ತಾರೆ. ಐಎಟಿಎಫ್ (ವಾಹನ ಉದ್ಯಮದ ಗುಣಮಟ್ಟದ) ಸರ್ಟಿಫಿಕೇಟ್ ಇದ್ದರೆ ಅದು ಆ ವಿಳಾಸಕ್ಕೆ ಮಾತ್ರ. ತಿಳಿಸದೆ ಹೋದರೆ ಮೊದಲ ರಿಜೆಕ್ಷನ್‌ಗೇ ನೆಪ ಸಿಕ್ಕಂತೆ. ಜಿಎಸ್‌ಟಿಯಲ್ಲಿ ರಾಜ್ಯ ಅದೇ ಆದ್ದರಿಂದ ನಂಬರ್ ಬದಲಾಗದು, ಆದರೆ 15 ದಿನದೊಳಗೆ ವಿಳಾಸ ತಿದ್ದುಪಡಿ ಹಾಕಬೇಕು. ಹೊಸ ಜಾಗವನ್ನು ಮೊದಲು ಹೆಚ್ಚುವರಿ ಸ್ಥಳವಾಗಿ ಸೇರಿಸಿಕೊಂಡರೆ ಎರಡೂ ಕಡೆ ಮಾಲು ಓಡಾಡುವಾಗ ಇ-ವೇ ಬಿಲ್‌ಗೆ ತಕರಾರಿಲ್ಲ.

ಎಲ್ಲ ಮಷೀನ್ ಒಂದೇ ಸಲ ಎತ್ತಬೇಡಿ. ಒಂದೇ ಕುಟುಂಬದ ಪಾರ್ಟ್ ಮಾಡುವ ಮೂರು ಲೇಥ್ ಮೊದಲು. ಅದಕ್ಕೂ ಮುಂಚೆ ಆ ಪಾರ್ಟ್‌ನ 15 ದಿನದ ಸ್ಟಾಕ್ ಮಾಡಿಡಿ. ಕರೆಂಟ್ ತೆಗೆಯುವ ಮೊದಲು ಪ್ರತಿ ಕಂಟ್ರೋಲ್‌ನ ಪ್ಯಾರಾಮೀಟರ್, ಪ್ರೋಗ್ರಾಂ, ಆಫ್‌ಸೆಟ್ ಕಾರ್ಡ್‌ಗೆ ಇಳಿಸಿಕೊಳ್ಳಿ. ಬ್ಯಾಟರಿಗಳನ್ನು ಮಷೀನ್ ಆನ್ ಇರುವಾಗಲೇ ಬದಲಿಸಿ. ಆಫ್ ಮಾಡಿ ತೆಗೆದರೆ ಎನ್‌ಕೋಡರ್‌ನಲ್ಲಿರುವ ಮಷೀನ್ ಸ್ಥಾನದ ನೆನಪು ಹೋಗುತ್ತದೆ. ಕೂಲಂಟ್ ಖಾಲಿ ಮಾಡಿ, ವಿಎಂಸಿ ಹೆಡ್ ಮತ್ತು ಟೇಬಲ್‌ಗೆ ಸಾಗಣೆ ಬ್ರಾಕೆಟ್ ಹಾಕಿ. ಹೊಸ ಜಾಗದಲ್ಲಿ ಮೊದಲ ಬಾರಿ ಸ್ವಿಚ್ ಹಾಕುವ ಮುನ್ನ ಫೇಸ್ ಸೀಕ್ವೆನ್ಸ್ ಮೀಟರ್ ಹಿಡಿಯಿರಿ. ಉಲ್ಟಾ ಇದ್ದರೆ ಹೈಡ್ರಾಲಿಕ್ ಪಂಪ್ ಉಲ್ಟಾ ತಿರುಗಿ ನಿಮಿಷದಲ್ಲಿ ಸೀಜ್ ಆಗುತ್ತದೆ. ಲೆವೆಲ್ ಮೀಟರಿಗೆ 0.02 ಮಿ.ಮೀ. ಒಳಗೆ. ಒಂದು ವಾರ ಓಡಿಸಿ ಮತ್ತೊಮ್ಮೆ ನೋಡಿ, ಆಮೇಲೆ ಎರಡನೇ ತಂಡ ಎತ್ತಿ.

ಸೆಟ್ಟರ್_ಮಾಮಾ

ಜನದ ಮಾತು. 32ರಾಗ ನಿಮಗ ಬೇಕಾಗೂದು ಆರೇಳು ಮಂದಿ: ಸೆಟ್ಟರ್, ಕ್ವಾಲಿಟಿ, ಮೇಂಟೆನನ್ಸ್. ಅವರ ಮಕ್ಕಳ ಶಾಲಿ ಬೆಳಗಾವ್ಯಾಗ ಇರತದ, ಮನಿ ಬದಲಿಸೂದಿಲ್ಲ. ಅವರಿಗೆ ಗಾಡಿ ಮಾಡ್ರಿ. ಆಪರೇಟರ್ ಹುಡುಗುರನ್ನ ಹೊಸ ಊರಾಗ ಈಗಲೇ ತಗೊಂಡು ಮೂರು ತಿಂಗಳು ಉದ್ಯಮಬಾಗದಾಗ ಕಲಸ್ರಿ. ಕಣಗಲಾ ಕಡೆ ಹೋದ್ರ ಹತ್ತರಗಿ ಏರೋಸ್ಪೇಸ್ ಎಸ್‌ಇಝಡ್ ಹತ್ರ ಐತಿ. ಕಲತ ಹುಡುಗುರು ಅಲ್ಲಿಂದ ಸಿಗತಾರ, ನೀವು ಕಲಿಸಿದವ್ರು ಅಲ್ಲಿಗೆ ಹೋಗತಾರ.

ನವೆಂಬರ್‌ನಿಂದ ಮಾರ್ಚ್ ತನಕ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟಗೊಂಡ ಟ್ರ್ಯಾಕ್ಟರ್ ಮುಂದ ನಿಮ್ಮ ಟೆಂಪೋ. ಸಂಜಿ ಡಿಸ್ಪ್ಯಾಚ್ ಇದ್ರ ಒಂದು ತಾಸು ಜಾಸ್ತಿ ಹಿಡೀರಿ. ಬನದ ಹುಣ್ಣಿಮಿ, ಭಾರತ ಹುಣ್ಣಿಮಿ, ಊರ ಜಾತ್ರಿ ತಾರೀಖು ಕ್ಯಾಲೆಂಡರ್‌ದಾಗ ಮೊದಲ ಗುರುತ ಮಾಡಿ ಆ ದಿನ ಮೇಂಟೆನನ್ಸ್ ಇಟಗೋರಿ. ವಾರದ ರಜಾ ಸಂತಿ ದಿನಕ್ಕ ಕೊಡ್ರಿ, ರವಿವಾರ ಅಲ್ಲ.

ಹನ್ನೊಂದು_ಕೆವಿ

ಒಂದು ಸೇರಿಸುತ್ತೇನೆ. ಪುಣೆ ಮಾಲು ಕಣಗಲಾದಿಂದ ಹೊರಟರೂ ಕಿತ್ತೂರಿನಿಂದ ಹೊರಟರೂ ನಿಪ್ಪಾಣಿ ಯಮಗರ್ಣಿ ಸೇತುವೆ ದಾಟಲೇಬೇಕು. 2019ರಲ್ಲಿ ಮತ್ತು 2021ರ ಜುಲೈಯಲ್ಲಿ ಅಲ್ಲಿ ನೆರೆಯಿಂದ ಹೆದ್ದಾರಿ ಬಂದ್ ಆಗಿತ್ತು. ಜುಲೈ 15ರಿಂದ ಆಗಸ್ಟ್ ಕೊನೆವರೆಗೆ ಒಂದು ವಾರದ ಮಾಲು ಸೇತುವೆಯ ಆಚೆ, ಗ್ರಾಹಕರ ಗೋದಾಮಿನಲ್ಲೋ ಸಾಗಣೆದಾರರ ಗೋದಾಮಿನಲ್ಲೋ ಇರುವ ಹಾಗೆ ಮಾತಾಡಿಕೊಳ್ಳಿ. ಕಣಗಲಾ ಪ್ಲಾಟ್ ನೋಡಲು ಹೋದಾಗ ಪ್ಲಾಟ್ ನಂಬರ್ ಜೊತೆ ಫೀಡರಿನ ಹೆಸರೂ ಬರೆದುಕೊಂಡು ಬನ್ನಿ, ಇಲ್ಲಿ ಹಾಕಿ.