ಹಾಸನ ಬಿಟ್ಟು ಬೆಂಗಳೂರಿಗೆ: ಕೆಂಗೇರಿನಾ, ಕಾಡುಗೋಡಿನಾ, ನೆಲಮಂಗಲನಾ?

ಹೇಮಾವತಿ_ಕಾಲುವೆ
ಎಲ್ಲರಿಗೂ ನಮಸ್ಕಾರ. ಬೇಸಿಗೆ ರಜದಲ್ಲಿ ಸಂಸಾರ ಸಮೇತ ಹಾಸನದಿಂದ ಬೆಂಗಳೂರಿಗೆ ಬರ್ತಾ ಇದೀವಿ. ನಾನು ಬ್ಯಾಂಕಿನವಳು, ರಾಜಾಜಿನಗರದ ಬ್ರಾಂಚಿಗೆ ಟ್ರಾನ್ಸ್‌ಫರ್ ಆಗಿದೆ. ಎರಡು, ನಾಲ್ಕನೇ ಶನಿವಾರ ಬಿಟ್ಟರೆ ದಿನಾ ಹೋಗಲೇಬೇಕು. ಯಜಮಾನರ ಆಫೀಸು ವೈಟ್‌ಫೀಲ್ಡಿನ ಐಟಿಪಿಎಲ್ ಟೆಕ್‌ಪಾರ್ಕ್ ಪಕ್ಕ, ವಾರಕ್ಕೆ ಮೂರು ದಿನ ಹೋದರೆ ಸಾಕು. ಮಗಳು ಸ್ಟೇಟ್ ಸಿಲಬಸ್‌ನಲ್ಲಿ ಎಂಟನೇ ಕ್ಲಾಸು ಮುಗಿಸ್ತಾಳೆ, ಮಗ ಮೂರನೇ ಕ್ಲಾಸಿಗೆ. ಅತ್ತೆಗೆ ಮಂಡಿನೋವು, ಮೆಟ್ಟಿಲು ಆಗಲ್ಲ. ಬಾಡಿಗೆ 25 ಸಾವಿರ ದಾಟೋ ಹಾಗಿಲ್ಲ. ಊರಲ್ಲಿ ತೋಟ ಇರೋದರಿಂದ ತಿಂಗಳಿಗೆ ಒಂದೆರಡು ಸಲ ಹೋಗಿ ಬರಬೇಕು.

ಲಿಸ್ಟಿನಲ್ಲಿ ಇರೋದು ಕಾಡುಗೋಡಿ (ಅವರ ಆಸೆ), ಕೆಂಗೇರಿ ಉಪನಗರ (ನನ್ನದು), ನೆಲಮಂಗಲ (ಚಿಕ್ಕಮಾವ ಅಲ್ಲಿ ಸೈಟು ಮಾಡಿದ್ದಾರೆ, ನೀವೂ ಬನ್ನಿ ಅಂತಾರೆ), ಯಲಹಂಕ (ಗಾಳಿ ಚೆನ್ನಾಗಿದೆ ಅಂತ ಯಾರೋ ಅಂದರು). ದಿನಾ ಊಟದ ಹೊತ್ತಿಗೆ ಇದೇ ಪಂಚಾಯ್ತಿ. ಅಲ್ಲಲ್ಲಿ ಇರೋರು ಇದ್ದದ್ದು ಇದ್ದ ಹಾಗೆ ಹೇಳಿ.

ಐಟಿಪಿಎಲ್_ಕೈದಿ
ಮೇಡಂ, ಮೂರು ದಿನ ಅನ್ನೋದು ಇವತ್ತಿನ ಮಾತು. ಒಂದು ಶುಕ್ರವಾರ ಸಂಜೆ ಎಚ್‌ಆರ್ ಮೇಲ್ ಬರುತ್ತೆ, ಸೋಮವಾರದಿಂದ ಐದು ದಿನ ಅಂತ. ನಮ್ಮಲ್ಲಿ ಆಗಿದ್ದು ಹಾಗೇ. ಆಮೇಲೆ ಪಶ್ಚಿಮದ ತುದಿಯಿಂದ ಪೂರ್ವದ ತುದಿಗೆ ದಿನಾ ಓಡಾಡಿದರೆ ಮನುಷ್ಯ ಮನೆಗೆ ಬರೋದು ಮಲಗೋಕೆ ಮಾತ್ರ. ಕಾಡುಗೋಡಿ, ಚನ್ನಸಂದ್ರ ಕಡೆ ನೋಡಿ. ನಿಮ್ಮ ಬಜೆಟ್ಟಿಗೆ ಗೇಟೆಡ್ ಸಿಗಲ್ಲ, ಅದನ್ನ ಮರೆತುಬಿಡಿ. ಲಿಫ್ಟ್ ಇರೋ ಸಣ್ಣ ಅಪಾರ್ಟ್‌ಮೆಂಟು ಹುಡುಕಿದರೆ ಸಿಗುತ್ತೆ.

ಉಪನಗರ_ನಿವಾಸಿ
ಅಲ್ಲ ಗುರು, ಮೇಡಂ ವಾರದಲ್ಲಿ ಐದಾರು ದಿನ ಕಾಡುಗೋಡಿಯಿಂದ ರಾಜಾಜಿನಗರಕ್ಕೆ ಓಡಾಡಬೇಕು, ಅದು ನಿಮಗೆ ಲೆಕ್ಕಕ್ಕೇ ಇಲ್ವಾ? ಸರ್‌ಗೆ ಮೂರು ದಿನ ಕಷ್ಟ ಆಗುತ್ತೆ ಅಂತ ಮೇಡಂಗೆ ದಿನಾ ಶಿಕ್ಷೆ!

ಮೆಟ್ರೊ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ 2023ರ ಅಕ್ಟೋಬರ್‌ನಿಂದ ಒಂದೇ ಉದ್ದಕ್ಕೆ ಓಡ್ತಾ ಇದೆ. ಕೆಂಗೇರಿಯಲ್ಲಿ ಹತ್ತಿ ಪಟ್ಟಂದೂರು ಅಗ್ರಹಾರದಲ್ಲಿ ಇಳಿದರೆ ಐಟಿಪಿಎಲ್ ಎದುರಿಗೇ. ಒಂದೂಕಾಲು ಗಂಟೆ ಹತ್ತಿರ ಹತ್ತಿರ ಹಿಡಿಯುತ್ತೆ, ಸುಳ್ಳು ಹೇಳಲ್ಲ. ಆದರೆ ನಮ್ಮ ಕಡೆ ಲೈನಿನ ಶುರು, ಕೂರೋಕೆ ಸೀಟು ಸಿಗುತ್ತೆ. 2025ರ ಫೆಬ್ರವರಿಯಲ್ಲಿ ರೇಟು ಏರಿಸಿದ ಮೇಲೆ ಗರಿಷ್ಠ 90 ರೂಪಾಯಿ, ಇಷ್ಟು ದೂರಕ್ಕೆ ಆ 90 ಕೊಡಲೇಬೇಕು. ಹೋಗಿ ಬರೋಕೆ 180. ಮೂರು ದಿನದ ಲೆಕ್ಕದಲ್ಲಿ ತಿಂಗಳಿಗೆ ಎರಡು ಸಾವಿರದ ಮೇಲೆ. ಬಾಡಿಗೆಯಲ್ಲಿ ಉಳಿಯೋದು ಅದಕ್ಕಿಂತ ಜಾಸ್ತಿ.

ಅತ್ತೆಯವರಿಗೂ ಉಪನಗರ ಒಳ್ಳೇದು. ನೆಲಮಹಡಿ ಮನೆಗಳು ಸಿಗ್ತವೆ, ಪಾರ್ಕು ಇದೆ, ಸಂಜೆ ಕಲ್ಲುಬೆಂಚಿನ ಮೇಲೆ ಹೆಂಗಸರ ಗುಂಪು ಕೂತಿರುತ್ತೆ. ಮಂಡ್ಯ, ಚನ್ನಪಟ್ಟಣದ ಕಡೆಯವರೇ ಜಾಸ್ತಿ, ಮಾತಿಗೆ ಬರ ಇಲ್ಲ.

ಐಟಿಪಿಎಲ್_ಕೈದಿ
ವೃಷಭಾವತಿ ವಾಸನೆ ಬಗ್ಗೆ ಒಂದು ಮಾತೂ ಬರಲಿಲ್ಲವಲ್ಲ ಅಣ್ಣ?

ಉಪನಗರ_ನಿವಾಸಿ
ಬರುತ್ತೆ, ಇಲ್ಲ ಅನ್ನಲ್ಲ. ಮೈಸೂರು ರಸ್ತೆಗೆ, ನದಿಗೆ ಅಂಟಿಕೊಂಡ ಬೀದಿಗಳಲ್ಲಿ ಸಂಜೆ ಮೇಲೆ ಮೂಗಿಗೆ ಬಡಿಯುತ್ತೆ. ಒಳಗೆ ಬಂದರೆ ಕಡಿಮೆ. ಮನೆ ನೋಡೋಕೆ ಸಂಜೆ ಏಳರ ಮೇಲೆ ಬನ್ನಿ ಅಂತ ನಾನೇ ಹೇಳ್ತೀನಿ. ನಿಮ್ಮ ವರ್ತೂರು ಕೆರೆ ಕಡೆ ಏನು ಮಲ್ಲಿಗೆ ಘಮ್ಮಂತಾ ಇದೆಯಾ?

ಮಗ್ಗಿ_ಟೀಚರ್
ಸ್ವಲ್ಪ ಜಗಳ ನಿಲ್ಲಿಸಿ. ಮಗಳ ವಿಷಯ ಯಾರೂ ಎತ್ತಲಿಲ್ಲ. ಹೇಮಾವತಿಯವರೇ, ಒಂಬತ್ತು, ಹತ್ತು ಎರಡೂ ಒಂದೇ ಶಾಲೆಯಲ್ಲಿ ಆಗೋ ಹಾಗೆ ನೋಡ್ಕೊಳ್ಳಿ. ಸಿಬಿಎಸ್‌ಇಗೆ ಹಾಕೋ ಯೋಚನೆ ಇದ್ದರೆ ಈ ವರ್ಷವೇ ಕೊನೆ ಅಂದ್ಕೊಳ್ಳಿ, ಅಲ್ಲಿ ಒಂಬತ್ತನೇ ಕ್ಲಾಸಿನಲ್ಲೇ ಬೋರ್ಡಿಗೆ ನೋಂದಣಿ ಆಗುತ್ತೆ, ಹತ್ತಕ್ಕೆ ನೇರ ಸೇರಿಸೋದು ಬಹಳ ಕಷ್ಟ. ನನ್ನ ಕೇಳಿದರೆ ಸ್ಟೇಟ್ ಸಿಲಬಸ್‌ನಲ್ಲೇ ಎಸ್‌ಎಸ್‌ಎಲ್‌ಸಿ ಮುಗಿಸಲಿ. ಊರು ಬದಲಾಗೋದೇ ಆ ಮಗುವಿಗೆ ಸಾಕಷ್ಟಾಯ್ತು, ಪುಸ್ತಕನೂ ಬದಲಾಗೋದು ಬೇಡ.

ಟಿಸಿ ತರುವಾಗ ಎಸ್‌ಎಟಿಎಸ್ (ಶಾಲಾ ಮಕ್ಕಳ ಸರ್ಕಾರಿ ದಾಖಲೆ) ನಂಬರಿನಲ್ಲಿ ಹೆಸರು, ಹುಟ್ಟಿದ ದಿನ ಸರಿ ಇದೆಯಾ ನೋಡಿ, ತಪ್ಪಿದ್ದರೆ ಹಾಸನದಲ್ಲೇ ತಿದ್ದಿಸಿ. ಇಲ್ಲಿಗೆ ಬಂದ ಮೇಲೆ ಎರಡು ಶಾಲೆಗಳ ನಡುವೆ ನೀವು ಚೆಂಡಾಗ್ತೀರಿ. ಇನ್ನೊಂದು, ಒಂಬತ್ತನೇ ಕ್ಲಾಸಿನವಳು ಒಬ್ಬಳೇ ನಡೆದು ಹೋಗಿ ಬರೋ ದೂರದಲ್ಲಿ ಶಾಲೆ ಇರಲಿ. ಶಾಲಾ ವ್ಯಾನು ಕಾಯೋ ಒಂದೂವರೆ ಗಂಟೆ ಅವಳ ನಿದ್ದೆಯಿಂದಲೇ ಹೋಗೋದು.

ನೆಲಮಂಗಲ_ನಂಜ
ನೆಲಮಂಗಲ ಬಿಟ್ಟು ಎಲ್ಲಾ ಮಾತಾಡ್ತಿದ್ದೀರಿ. ಹಾಸನದವರಿಗೆ ಬೆಂಗಳೂರು ಅಂದರೆ ಮೊದಲು ಸಿಗೋದೇ ನಾವು! ಕುಣಿಗಲ್ ದಾಟಿ ಬಂದರೆ ಮನೆ. 2024ರ ನವೆಂಬರಿನಿಂದ ಮೆಟ್ರೊ ಮಾದಾವರದವರೆಗೂ ಬಂದಿದೆ, ಅಲ್ಲಿ ಹತ್ತಿದರೆ ಹಸಿರು ಮಾರ್ಗದಲ್ಲಿ ಬದಲಾಯಿಸದೆ ನೇರ ರಾಜಾಜಿನಗರ. ಬಾಡಿಗೆ ಅರ್ಧಕ್ಕರ್ಧ. ಉಳಿದ ದುಡ್ಡಲ್ಲಿ ಒಂದು 30×40 ಸೈಟು ಹಾಕ್ಬಿಡಿ ಅಕ್ಕ, ಐದು ವರ್ಷ ಕಣ್ಣು ಮುಚ್ಚಿ ಕೂತರೆ ಎರಡು ಪಟ್ಟು. ನನ್ನ ಹತ್ತಿರ ಒಳ್ಳೇ ಲೇಔಟ್ ಇದೆ, ಮೆಸೇಜ್ ಮಾಡಿ.

ಖಾಲಿ_ಸಂಪು
ಬಂದ್ರಪ್ಪಾ ಸೈಟಿನವರು.

ಅಕ್ಕ, ಕಣ್ಣು ಮುಚ್ಚಿ ಕೂರೋದಕ್ಕೆ ಮುಂಚೆ ಕಣ್ಣು ಬಿಟ್ಟು ನೋಡಬೇಕಾದ್ದು ಇದೆ. ಕೃಷಿ ಜಮೀನು ವಸತಿಗೆ ಅಂತ ಭೂಪರಿವರ್ತನೆ ಆಗಿದೆಯಾ, ಯೋಜನಾ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ ಇದೆಯಾ, ಪಂಚಾಯ್ತಿಯ ಇ-ಸ್ವತ್ತು ದಾಖಲೆಯಲ್ಲಿ ನಮೂನೆ 9 ಮತ್ತು 11ಎ ಬರುತ್ತಾ ಇಲ್ಲಾ ಒಪ್ಪಿಗೆ ಇಲ್ಲದ ಸೈಟಿಗೆ ಕೊಡೋ 11ಬಿ ತೋರಿಸಿ ಸಾಗಹಾಕ್ತಾರಾ, ರೇರಾ (ರಿಯಲ್ ಎಸ್ಟೇಟ್ ಪ್ರಾಧಿಕಾರ) ನಂಬರ್ ಏನು. ಈ ನಾಲ್ಕು ಕೇಳಿ, ಅರ್ಧ ಜನ ಫೋನೇ ಎತ್ತಲ್ಲ. ನಮ್ಮ ಮನೆಯಲ್ಲೇ ಒಬ್ಬರು ಹೀಗೆ ಭೂಪರಿವರ್ತನೆ ಆಗದ ರೆವಿನ್ಯೂ ಸೈಟು ಮಾಡಿ, ಈಗ ಕಟ್ಟೋಕೂ ಆಗದೆ ಮಾರೋಕೂ ಆಗದೆ ವರ್ಷಕ್ಕೊಮ್ಮೆ ಹೋಗಿ ಮುಳ್ಳು ಕಡಿದು ಬರ್ತಾರೆ. ಅಕ್ಕ ಕೇಳಿರೋದು ಬಾಡಿಗೆ ಮನೆ. ಬೆಂಗಳೂರಿಗೆ ಬಂದು ಒಂದು ಮಳೆಗಾಲ, ಒಂದು ಬೇಸಿಗೆ ನೋಡದೆ ಯಾರೂ ಏನೂ ಕೊಳ್ಳಬಾರದು.

ಈಗ ನೀರಿನ ವಿಷಯ. ದೂರ, ಸಿಲಬಸ್ಸು ಎಲ್ಲಾ ಆಮೇಲೆ. 2024ರ ಮಾರ್ಚಿನಲ್ಲಿ ಇಲ್ಲಿ ಇದ್ದವರಿಗೆ ಗೊತ್ತು. ಬೋರ್‌ವೆಲ್ ಬತ್ತಿ, ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳಿ, ಕೊನೆಗೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯ್ತು. 12 ಸಾವಿರ ಲೀಟರಿಗೆ ಐದು ಕಿಲೋಮೀಟರ್ ಒಳಗಾದರೆ 1000 ರೂಪಾಯಿ ಅಂತ. ಆ ರೇಟಿಗೆ ಫೋನ್ ಮಾಡಿದರೆ ಗಾಡಿ ಇಲ್ಲ ಅಂತಿದ್ದರು, ಅದು ಬೇರೆ ಕಥೆ. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಯ್ತು, ದಿನಕ್ಕೆ 77.5 ಕೋಟಿ ಲೀಟರ್, 2007ರಲ್ಲಿ ಪಾಲಿಕೆಗೆ ಸೇರಿಸಿದ 110 ಹಳ್ಳಿಗಳಿಗಾಗಿ. ಪೈಪು ಬಂದಿದೆ ಅನ್ನೋದಕ್ಕೂ ನಿಮ್ಮ ಓನರು ದುಡ್ಡು ಕಟ್ಟಿ ಕನೆಕ್ಷನ್ ತಗೊಂಡಿದ್ದಾರೆ ಅನ್ನೋದಕ್ಕೂ ವ್ಯತ್ಯಾಸ ಇದೆ. ಆದ್ದರಿಂದ ಓನರ್ ಹತ್ತಿರ ಜಲಮಂಡಳಿ ಬಿಲ್ಲು ಕೇಳಿ. ಬಾಯಲ್ಲಿ ಎಲ್ಲರೂ ಕಾವೇರಿ ಅಂತಾರೆ. ಬಾತ್‌ರೂಮಿನ ನಲ್ಲಿ ತಳ ನೋಡಿ, ಬಿಳಿ ಸುಣ್ಣ ಕಟ್ಟಿದ್ದರೆ ಬೋರ್ ನೀರು. ಕೊನೆಗೆ ಬೀದಿ ಮೂಲೆಯ ಇಸ್ತ್ರಿ ಅಂಗಡಿಯವನ ಹತ್ತಿರ "ಇಲ್ಲಿ ಟ್ಯಾಂಕರ್ ಎಷ್ಟು ಬರುತ್ತಣ್ಣ" ಅಂತ ಕೇಳಿ. ಅವನಿಗೆ ಮನೆ ಖಾಲಿ ಆದರೂ ತುಂಬಿದರೂ ಲಾಭ ಇಲ್ಲ, ನಿಜ ಹೇಳ್ತಾನೆ.

ನೆಲಮಂಗಲ_ನಂಜ
ಎಲ್ಲರೂ ಕಳ್ಳರಲ್ಲ ಸ್ವಾಮಿ. ನಾನು ಕಾಗದ ತೋರಿಸಿಯೇ ಮಾರೋದು.

ಖಾಲಿ_ಸಂಪು
ಹಾಗಾದರೆ ರೇರಾ ನಂಬರ್ ಇಲ್ಲೇ ಹಾಕಿ.

ಹಸಿರು_ಮಾರ್ಗ
(ನಂಜಣ್ಣ ಹಾಕಲ್ಲ, ಕಾಯಬೇಡಿ.)

ಆದರೆ ನಂಜಣ್ಣ ಹೇಳಿದ್ದರಲ್ಲಿ ಒಂದು ಪಾಯಿಂಟು ಸರಿ ಇದೆ, ಅದನ್ನ ಯಾರೂ ಹಿಡಿಯಲಿಲ್ಲ. ಅಕ್ಕ ದಿನಾ ಹೋಗಬೇಕಾದ್ದು ರಾಜಾಜಿನಗರಕ್ಕೆ, ಅದು ಹಸಿರು ಮಾರ್ಗ. ಕೆಂಗೇರಿಯಿಂದ ಹೊರಟರೆ ಮೆಜೆಸ್ಟಿಕ್‌ನಲ್ಲಿ ಇಳಿದು ಬದಲಾಯಿಸಬೇಕು. ಬೆಳಗ್ಗೆ ಒಂಬತ್ತಕ್ಕೆ ಆ ಎಸ್ಕಲೇಟರ್ ಮುಂದೆ ನಿಂತು ನೋಡಿ, ಜನ ತಳ್ಳಿಕೊಂಡೇ ಹೋಗ್ತಾರೆ. ಅದೇ ನಾಗಸಂದ್ರ, ದಾಸರಹಳ್ಳಿ, ಬಾಗಲಗುಂಟೆ ಕಡೆ ಮನೆ ಮಾಡಿದರೆ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಬ್ಯಾಂಕು. ಮೆಜೆಸ್ಟಿಕ್‌ನಲ್ಲಿ ಬದಲಾಯಿಸೋ ಕಷ್ಟ ಯಜಮಾನರಿಗೆ, ವಾರಕ್ಕೆ ಮೂರೇ ದಿನ. ಅವರ ಒಟ್ಟು ಟೈಮು ಕೆಂಗೇರಿಯಿಂದ ಆಗೋದಕ್ಕಿಂತ ಭಾರಿ ಜಾಸ್ತಿ ಏನೂ ಆಗಲ್ಲ. ಊರಿನ ಬಸ್ಸು ಜಾಲಹಳ್ಳಿ ಕ್ರಾಸಲ್ಲಿ ಇಳಿಸುತ್ತೆ, ಹಾಸನದ ರೈಲಿಗೆ ಯಶವಂತಪುರ ಪಕ್ಕದಲ್ಲೇ. ಭಾನುವಾರ ರಾತ್ರಿ ತೆಂಗಿನಕಾಯಿ ಮೂಟೆ ಹೊತ್ತು ಊರೆಲ್ಲಾ ಸುತ್ತೋ ಹಾಗಿಲ್ಲ.

ಸುಮ್ಮನೆ ಗಮನಿಸಿ, ಬೆಂಗಳೂರಲ್ಲಿ ಎಲ್ಲರೂ ತಮ್ಮ ಊರಿನ ರಸ್ತೆಯಲ್ಲೇ ಮನೆ ಮಾಡಿರ್ತಾರೆ. ಕೋಲಾರದವರು ಕೆ.ಆರ್. ಪುರದಲ್ಲಿ, ಮಂಡ್ಯದವರು ಕೆಂಗೇರಿಯಲ್ಲಿ, ತುಮಕೂರು, ಹಾಸನದವರು ಪೀಣ್ಯ, ದಾಸರಹಳ್ಳಿಯಲ್ಲಿ. ಸುಮ್ಮನೆ ಆಗಿದ್ದಲ್ಲ ಅದು.

ಉಪನಗರ_ನಿವಾಸಿ
ಪೀಣ್ಯ ಪಕ್ಕದಲ್ಲಿ ಮಕ್ಕಳನ್ನ ಬೆಳೆಸಿ ಅಂತೀರಾ? ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಇದೆ ಅಂತ ವರ್ಷಗಳಿಂದ ವರದಿ ಬರ್ತಾನೇ ಇವೆ. ಬೀದಿಗಳೋ, ಎದುರುಬದುರು ಎರಡು ಕಾರು ಬಂದರೆ ಒಂದು ಹಿಂದಕ್ಕೆ ಹೋಗಬೇಕು. ಮಂಡಿನೋವಿನ ಅಜ್ಜಿ ಎಲ್ಲಿ ಓಡಾಡಬೇಕು? ಮೆಜೆಸ್ಟಿಕ್ ಭಯ ಇದ್ದರೆ ವಿಜಯನಗರದಲ್ಲಿ ಇಳಿದು ಬಸ್ಸು ಹತ್ತಿ ಮೇಡಂ, ಹೆಂಗಸರಿಗೆ ಶಕ್ತಿ ಯೋಜನೆ ಇದೆ, ಟಿಕೆಟ್ಟಿಗೆ ದುಡ್ಡೂ ಇಲ್ಲ.

ಹಸಿರು_ಮಾರ್ಗ
ಕ್ರೋಮಿಯಂ ವಿಷಯ ಒಪ್ಪಿದೆ. ಆ ಕಡೆ ಬೋರ್ ನೀರು ಕುಡಿಯೋದಿರಲಿ, ಅಡಿಗೆಗೂ ಬೇಡ. ಕಾವೇರಿ ಕನೆಕ್ಷನ್ ಇಲ್ಲದ ಮನೆ ಅಂದರೆ ಎಷ್ಟು ಚೆನ್ನಾಗಿದ್ದರೂ ವಾಪಸ್ ಬನ್ನಿ ಅಂತ ನಾನೂ ಹೇಳೋದು. ಇಕ್ಕಟ್ಟು ನಿಜ, ಅದಕ್ಕೇ ಬೀದಿ ನೋಡಿ ಮನೆ ಹಿಡಿಬೇಕು. ಆದರೆ ವಿಜಯನಗರದಲ್ಲಿ ಇಳಿದು ಬಸ್ಸು ಹತ್ತಿ ಅನ್ನೋರು ಬೆಳಗ್ಗೆ ಹತ್ತಕ್ಕೆ ಕೌಂಟರ್ ತೆಗೆಯೋ ಕೆಲಸ ಮಾಡಿದವರಲ್ಲ.

ಯಲಹಂಕ_ಹಳಬ
ನಾನು ಯಲಹಂಕ ನ್ಯೂಟೌನಿನವನು. ಗೃಹಮಂಡಳಿ ಮನೆ, ಮರದ ನೆರಳು, ನನಗೆ ಇಷ್ಟ. ಆದರೂ ತಂಗೀ, ನಿನಗೆ ಬೇಡ. ಇಲ್ಲಿಂದ ವೈಟ್‌ಫೀಲ್ಡಿಗೆ ಮೆಟ್ರೊ ಇಲ್ಲ, ಹೆಬ್ಬಾಳದ ಜಾಮು ನಿಮ್ಮಿಬ್ಬರಿಗೂ ತಪ್ಪಲ್ಲ. ಇನ್ನು ಗಾಳಿ ಕೇಳಿ ಬರೋರು 2024ರ ಅಕ್ಟೋಬರಿನಲ್ಲಿ ಮಳೆನೀರು ನುಗ್ಗಿ ಇಲ್ಲಿನ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನವರನ್ನ ದೋಣಿಯಲ್ಲಿ ಕರ್ಕೊಂಡು ಬಂದದ್ದೂ ನೆನಪಿಟ್ಕೊಬೇಕು. ನೆಲಮಹಡಿ ಮನೆ ಎಲ್ಲೇ ಹಿಡಿದರೂ ಗೋಡೆಯ ಕೆಳಭಾಗ ನೋಡು. ಒಂದೇ ಮಟ್ಟದಲ್ಲಿ ಬಣ್ಣ ಉಬ್ಬಿದ್ದರೆ ಅಲ್ಲಿವರೆಗೂ ನೀರು ನಿಂತಿತ್ತು ಅಂತ ಲೆಕ್ಕ.

ಐಟಿಪಿಎಲ್_ಕೈದಿ
ಸರಿ, ಸೋತೆ ಅಂತ ಅಲ್ಲ, ಆದರೆ ಒಂದು ಹೇಳಿ. ಯಜಮಾನರಿಗೆ ಐದು ದಿನ ಆದರೆ ಏನು ಮಾಡ್ತೀರಿ?

ಹೇಮಾವತಿ_ಕಾಲುವೆ
ಎಲ್ಲರದ್ದೂ ಓದಿದೆ, ಅವರಿಗೂ ಓದಿಸಿದೆ. ಐದು ದಿನ ಆದರೆ ಅವರು ಕೆಲಸ ಬದಲಾಯಿಸಬಹುದು. ಈ ಒಂಬತ್ತು ವರ್ಷದಲ್ಲಿ ಮೂರು ಕಂಪನಿ ಆಗಿದೆ. ನಾನು ಬ್ರಾಂಚ್ ಬದಲಾಯಿಸೋಕೆ ಆಗಲ್ಲ, ಮಗಳು ಶಾಲೆ ಬದಲಾಯಿಸೋಕೆ ಆಗಲ್ಲ, ಅತ್ತೆಗೆ ಮನೆ ಬಿಟ್ಟು ಹೋಗೋಕೇ ಆಗಲ್ಲ. ಬದಲಾಯಿಸೋಕೆ ಆಗೋ ಒಬ್ಬರಿಗೋಸ್ಕರ ಆಗದ ಮೂವರನ್ನ ಕಾಡುಗೋಡಿಗೆ ಎಳ್ಕೊಂಡು ಹೋಗೋದು ನ್ಯಾಯ ಅನಿಸಲಿಲ್ಲ. ಅವರು ಮುಖ ಸಪ್ಪಗೆ ಮಾಡಿದರು, ಆಮೇಲೆ ಹೂಂ ಅಂದರು.

ಕಾಡುಗೋಡಿ, ಯಲಹಂಕ ಬಿಟ್ಟೆವು. ಚಿಕ್ಕಮಾವನಿಗೆ ಆ ನಾಲ್ಕು ಪ್ರಶ್ನೆ ಕಳಿಸಿದ್ದೀನಿ, ಇನ್ನೂ ನೀಲಿ ಟಿಕ್ ಮಾತ್ರ ಬಂದಿದೆ. ಉಳಿದಿದ್ದು ನಾಗಸಂದ್ರ ಕಡೆ ಮತ್ತು ಉಪನಗರ. ನನ್ನ ಮನಸ್ಸು ನಾಗಸಂದ್ರಕ್ಕೆ ಹೋಗ್ತಿದೆ, ಅತ್ತೆ ಪಾರ್ಕಿನ ಬೆಂಚು ಅಂದ ಕೂಡಲೇ ಕೆಂಗೇರಿ ಅಂತಿದ್ದಾರೆ. ಅಡ್ವಾನ್ಸು ಈಗಲೂ ಹತ್ತು ತಿಂಗಳಾ?

ಖಾಲಿ_ಸಂಪು
ಹತ್ತು ಅಂತ ಶುರು ಮಾಡ್ತಾರೆ, ಈಗೀಗ ಐದಾರಕ್ಕೆ ಇಳಿಯೋ ಓನರುಗಳೂ ಇದ್ದಾರೆ. ಚೌಕಾಸಿ ಮಾಡಿ. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡೀತಾರೆ, ಅದು ಅಗ್ರಿಮೆಂಟಿನಲ್ಲಿ ಬರೆದಿರಲಿ, ಇಲ್ಲಾಂದರೆ ಎರಡು ಹಿಡೀತಾರೆ. ಮೋಟಾರಿಗೆ, ಲಿಫ್ಟಿಗೆ ಕರೆಂಟು ಯಾರ ಮೀಟರಿಂದ ಅನ್ನೋದೂ ಕೇಳಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತೆ, ಆದರೆ ಹಾಸನದ ಮನೆಯ ಚೆಸ್ಕಾಂ ಮೀಟರಿಗೆ ನಿಮ್ಮ ಆಧಾರ್ ಜೋಡಿಸಿದ್ದರೆ ಮೊದಲು ಡಿ-ಲಿಂಕ್ ಮಾಡಿಸಿ. ಇಲ್ಲದಿದ್ದರೆ ಇಲ್ಲಿನ ಬೆಸ್ಕಾಂ ಮೀಟರಿಗೆ ಸೇವಾ ಸಿಂಧು ಪೋರ್ಟಲ್ ಅರ್ಜಿ ತಗೊಳ್ಳಲ್ಲ.

ಮಗ್ಗಿ_ಟೀಚರ್
ಮಗಳನ್ನ ಕೇಳಿದ್ರಾ?

ಹೇಮಾವತಿ_ಕಾಲುವೆ
ಕೇಳಿದೆ ಮೇಡಂ. ಅವಳಿಗೆ ಹಾಸನವೇ ಬೇಕಂತೆ.

ಮಗ್ಗಿ_ಟೀಚರ್
ಅದು ಸಹಜ. ಮನೆ ನೋಡೋಕೆ ಬರುವಾಗ ಅವಳನ್ನೂ ಕರ್ಕೊಂಡು ಬನ್ನಿ, ಎರಡು ಕಡೆಯ ಶಾಲೆಗೂ ಹೋಗಿ ಬರಲಿ.

ಹಸಿರು_ಮಾರ್ಗ
ಭಾನುವಾರ ಬರಬೇಡಿ ಅಕ್ಕ, ಭಾನುವಾರ ಬೆಂಗಳೂರೆಲ್ಲಾ ಚೆನ್ನಾಗೇ ಕಾಣುತ್ತೆ. ಒಂದು ದಿನ ರಜ ಹಾಕಿ ಸೋಮವಾರ ಬನ್ನಿ. ಬೆಳಗ್ಗೆ ಎಂಟೂವರೆಗೆ ನಾಗಸಂದ್ರದಲ್ಲಿ ಮೆಟ್ರೊ ಹತ್ತಿ ರಾಜಾಜಿನಗರದಲ್ಲಿ ಇಳಿದು ಬ್ರಾಂಚ್ ಬಾಗಿಲವರೆಗೂ ನಡೆದು ನೋಡಿ. ಸಂಜೆ ಬ್ರಾಂಚಿಂದ ಕೆಂಗೇರಿಗೆ ಹೋಗಿ ಉಪನಗರದ ಅಣ್ಣ ಹೇಳಿದ ಹಾಗೆ ಏಳರ ಮೇಲೆ ಆ ಬೆಂಚಿನ ಹತ್ತಿರ ನಿಂತ್ಕೊಳ್ಳಿ.

ಉಪನಗರ_ನಿವಾಸಿ
ಬನ್ನಿ ಮೇಡಂ, ಕಾಫಿ ನನ್ನ ಲೆಕ್ಕ. ಗಾಳಿ ಯಾವ ಕಡೆಯಿಂದ ಬೀಸುತ್ತೋ ಅದು ಮಾತ್ರ ನನ್ನ ಕೈಯಲ್ಲಿಲ್ಲ.