ಮಂಡಕ್ಕಿ ಕೈಯಲ್ಲಿ ಕಂಟ್ರೋಲರ್

ದಾವಣಗೆರೆಯಲ್ಲಿ ಮಂಡಕ್ಕಿ, ಮಿರ್ಚಿ ಇಲ್ಲದೆ ಯಾವ ವ್ಯವಹಾರವೂ ಇತ್ಯರ್ಥವಾಗುವುದಿಲ್ಲ. ಸೈಟು ಕೊಳ್ಳುವುದಿರಲಿ, ಮೆಕ್ಕೆಜೋಳದ ಧಾರಣೆ ಇರಲಿ, ಮೊದಲು ಕೈಗೆ ಎಣ್ಣೆ ಹತ್ತಬೇಕು. ಹಾಗಾಗಿ ಕಂಪ್ಯೂಟರ್ ಆಟದ ಕಂಟ್ರೋಲರ್, ಎಂದರೆ ಎರಡೂ ಕೈಯಲ್ಲಿ ಹಿಡಿದು ಆಡುವ ಗುಂಡಿಗಳ ಸಾಧನ, ಕೊಳ್ಳಬೇಕೆನಿಸಿದಾಗ ನಾನು ನೇರವಾಗಿ ಅಂಗಡಿಗೆ ಹೋಗದೆ ಗೆಳೆಯರ ಬೆಂಚಿಗೆ ಹೋದೆ.

“ಮಗನಿಗೆ ಬೇಕಂತೆ” ಎಂದೆ.

“ನಿಮ್ಮ ಮಗ ಬೆಂಗಳೂರಿಗೆ ಹೋಗಿ ಎರಡು ವರ್ಷವಾಯಿತಲ್ಲ?” ಎಂದರು ಮೇಷ್ಟ್ರು. ನಿವೃತ್ತರಾದರೂ ಅವರಿಗೆ ಹಾಜರಿ ಕರೆಯುವ ಚಟ ಹೋಗಿಲ್ಲ.

ಕಳ್ಳತನ ಬಯಲಾದ ಮೇಲೆ ಚೀಲದಿಂದ ಹಳೆಯ ಕಂಟ್ರೋಲರ್ ತೆಗೆದು ಮೇಜಿನ ಮೇಲಿಟ್ಟೆ. ಯಾವುದೋ ಅಗ್ಗದ ಮಾಲು. ಕೈ ಬಿಟ್ಟರೂ ಆಟದಲ್ಲಿ ನನ್ನ ಕಾರು ಎಡಕ್ಕೇ ಎಳೆದುಕೊಂಡು ಹೋಗಿ ಗೋಡೆಗೆ ಗುದ್ದುತ್ತದೆ.

“ಎಡಗಡೆಯ ಎತ್ತು ಸೋಮಾರಿ” ಎಂದರು ಚನ್ನಗಿರಿ ಕಡೆಯ ಅಡಿಕೆ ಗೌಡರು. ಅವರು ಪರದೆ ಎಂದರೆ ಇನ್ನೂ ನಾಟಕದ್ದೇ ಎಂದುಕೊಳ್ಳುವವರು, ಆದರೆ ರೋಗ ಹಿಡಿಯುವುದರಲ್ಲಿ ನಿಸ್ಸೀಮರು.

ಅದನ್ನು ಕೈಗೆತ್ತಿಕೊಂಡವನು ರೇಡಿಯೊ ರಿಪೇರಿಯ ಗೆಳೆಯ. ಮೊದಲು ಬೆರಳನ್ನು ಹಳೆಯ ಪೇಪರಿಗೆ ಒರೆಸಿಕೊಂಡ. ಕಾರು ತಿರುಗಿಸುವ ಪುಟ್ಟ ಹಿಡಿಯನ್ನು, ಎಂದರೆ ಎಡಗಡೆಯ ಸ್ಟಿಕ್ಕನ್ನು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಸುತ್ತಲೂ ತಿರುಗಿಸಿ, ಥಟ್ಟನೆ ಬಿಟ್ಟು, ಕಿವಿಯ ಹತ್ತಿರ ಹಿಡಿದ. ಹುಡುಗಿಯ ಜಾತಕ ನೋಡುವಾಗಲೂ ಯಾರೂ ಅಷ್ಟು ಹೊತ್ತು ಮೌನವಾಗಿ ಕೂರುವುದಿಲ್ಲ.

“ನಿನ್ನ ಅಪ್ಪನ ರೇಡಿಯೊದ ವಾಲ್ಯೂಮ್ ತಿರುಗಿಸಿದಾಗ ಕರಕರ ಎನ್ನುತ್ತಿತ್ತಲ್ಲ, ಇದು ಅದೇ ಕಾಯಿಲೆ. ಒಂದೊಂದು ಸ್ಟಿಕ್ಕಿನ ಕೆಳಗೂ ಅಂಥ ಎರಡು ಪುಟ್ಟ ವಾಲ್ಯೂಮ್ ಕಂಟ್ರೋಲ್ ಇರುತ್ತವೆ. ಒಂದು ಎಡ-ಬಲದ ಲೆಕ್ಕ ಹೇಳುತ್ತದೆ, ಇನ್ನೊಂದು ಮೇಲೆ-ಕೆಳಗಿನದು. ಕಾರ್ಬನ್ ಪಟ್ಟಿಯ ಮೇಲೆ ಲೋಹದ ನಾಲಗೆ ಉಜ್ಜುತ್ತಾ ಉಜ್ಜುತ್ತಾ ಪಟ್ಟಿ ಸವೆಯುತ್ತದೆ. ಆಮೇಲೆ ಸ್ಟಿಕ್ ನಡುವೆ ನಿಂತಿದ್ದರೂ ಅದು ‘ಎಡಕ್ಕೆ, ಎಡಕ್ಕೆ’ ಎಂದು ಸುಳ್ಳು ಹೇಳುತ್ತದೆ. ಇದಕ್ಕೆ ಡ್ರಿಫ್ಟ್ ಎನ್ನುತ್ತಾರೆ.”

“ಔಷಧ?”

“ಡೆಡ್‌ಝೋನ್ ಹೆಚ್ಚಿಸಬಹುದು. ಎಂದರೆ ನಡುವಿನ ಸಣ್ಣಪುಟ್ಟ ಅಲುಗಾಟವನ್ನು ಕೇಳಿಯೂ ಕೇಳದಂತೆ ಇರು ಎಂದು ಆಟಕ್ಕೆ ಹೇಳುವುದು.”

“ಮೂವತ್ತೈದು ವರ್ಷಗಳಿಂದ ನಾನು ಮನೆಯಲ್ಲಿ ಪಾಲಿಸುತ್ತಿರುವುದು ಅದನ್ನೇ” ಎಂದರು ಮೇಷ್ಟ್ರು.

“ಸವೆಯಲೇಬಾರದು ಎಂದರೆ ಹಾಲ್ ಎಫೆಕ್ಟ್ ಇರುವುದನ್ನು ತೆಗೆದುಕೋ.”

“ಬೆಣ್ಣೆ ದೋಸೆಯ ಊರಿನಲ್ಲಿ ಹಾಲಿನ ಎಫೆಕ್ಟ್ ಯಾರಿಗೆ ಗೊತ್ತಿಲ್ಲ?” ಎಂದರು ಗೌಡರು.

ಆ ಹಾಲಲ್ಲ. ಎಡ್ವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿ 1879ರಲ್ಲಿ ಕಂಡುಹಿಡಿದದ್ದು. ಸ್ಟಿಕ್ಕಿನ ಬುಡದಲ್ಲಿ ಅಯಸ್ಕಾಂತ ಇರುತ್ತದೆ, ಅದು ಅಲುಗಿದ್ದನ್ನು ಸೆನ್ಸರ್ ಮುಟ್ಟದೆಯೇ ಗ್ರಹಿಸುತ್ತದೆ. ಉಜ್ಜಾಟವಿಲ್ಲದಲ್ಲಿ ಸವೆತವೆಲ್ಲಿಯದು? ಸೆಗಾ ಕಂಪನಿಯವರು 1998ರ ಡ್ರೀಮ್‌ಕಾಸ್ಟ್ ಎಂಬ ಆಟದ ಯಂತ್ರದ ಕಂಟ್ರೋಲರಿನಲ್ಲೇ ಇದನ್ನು ಹಾಕಿದ್ದರು. ಅಷ್ಟು ಹಿಂದೆಯೇ ಗೊತ್ತಿದ್ದ ವಿದ್ಯೆಯನ್ನು ಬಿಟ್ಟು ದೊಡ್ಡ ದೊಡ್ಡವರು ಇಂದಿಗೂ ಮಾಮೂಲಿ ಕಂಟ್ರೋಲರುಗಳಲ್ಲಿ ಉಜ್ಜುವ ಪಟ್ಟಿಯನ್ನೇ ಹಾಕುವುದು ಏಕೆ ಎಂದು ಗೆಳೆಯ ಕೆಂಡವಾದ. ಅವನ ಮಿರ್ಚಿ ಆರಿ ಹೋಯಿತು. ಅದನ್ನು ಗೌಡರು ತಿಂದರು.

ಅಷ್ಟರಲ್ಲಿ ಮಂಡಕ್ಕಿ ಕಲಸುತ್ತಿದ್ದ ಮಾಲೀಕರ ಮಗ, ಬಿ.ಕಾಂ. ಓದುವ ಹುಡುಗ, ಒಲೆಯ ಕಡೆಯಿಂದಲೇ ಕೇಳಿದ: “ಅಣ್ಣಾ, ಆಡುವುದು ಕಂಪ್ಯೂಟರಿನಲ್ಲೋ, ಕನ್ಸೋಲಿನಲ್ಲೋ?”

ಕನ್ಸೋಲ್ ಎಂದರೆ ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆ. ಇಷ್ಟು ಹೊತ್ತು ನಾವು ಯಾರೂ ಕೇಳದ ಪ್ರಶ್ನೆ. ವಿಂಡೋಸ್ ಕಂಪ್ಯೂಟರ್ ಎಂದೆ. ಹಾಗಿದ್ದರೆ ಎಕ್ಸ್‌ಬಾಕ್ಸ್ ಕನ್ಸೋಲಿನ ಕಂಟ್ರೋಲರ್ ತಕರಾರಿಲ್ಲದೆ ಹೊಂದುತ್ತದೆ, ಎರಡೂ ಮೈಕ್ರೋಸಾಫ್ಟ್ ಮನೆಯ ಮಕ್ಕಳೇ ಎಂದ. ಸೋನಿಯವರ ಕನ್ಸೋಲ್ ಪ್ಲೇಸ್ಟೇಷನ್ 5ರ ಕಂಟ್ರೋಲರ್ ಡ್ಯುಯಲ್‌ಸೆನ್ಸ್ ಕೂಡ ಕಂಪ್ಯೂಟರಿಗೆ ಆಗುತ್ತದೆ. ಅದರ ಟ್ರಿಗರ್, ಎಂದರೆ ತೋರುಬೆರಳಿನಿಂದ ಒತ್ತುವ ಗುಂಡಿ, ಬಿಲ್ಲಿನ ಹೆದೆಯಂತೆ ಬೆರಳಿಗೆ ಎದುರು ಒತ್ತುವುದು ಚೆಂದ, ಆದರೆ ಅದನ್ನು ಅರಿತ ಆಟಗಳಲ್ಲಿ ಮಾತ್ರ, ಅದೂ ಹೆಚ್ಚಾಗಿ ಕೇಬಲ್ ಹಾಕಿದಾಗ. ಪ್ಲೇಸ್ಟೇಷನ್ 4ರ ಹಳೆಯ ಕಂಟ್ರೋಲರ್ ಹಿಡಿದು 5ರ ಆಟ ಆಡುತ್ತೇನೆಂದು ಹೊರಟವರಿಗೆ ಮಾತ್ರ ಬಾಗಿಲು ಮುಚ್ಚಿದೆಯಂತೆ.

ಗುಂಡಿಗಳ ಮೇಲಿನ ಅಕ್ಷರಗಳ ಮಾತು ಬಂದಾಗ ಮೇಷ್ಟ್ರ ಕಿವಿ ನೆಟ್ಟಗಾಯಿತು. ಎಕ್ಸ್‌ಬಾಕ್ಸ್‌ನಲ್ಲಿ ‘ಎ’ ಕೆಳಗೆ, ‘ಬಿ’ ಬಲಕ್ಕೆ. ಜಪಾನಿನ ನಿಂಟೆಂಡೊ ಕಂಪನಿಯದರಲ್ಲಿ ‘ಬಿ’ ಕೆಳಗೆ, ‘ಎ’ ಬಲಕ್ಕೆ. “ಇದು ಪಾಠಾಂತರ! ಮೂಲ ಪ್ರತಿ ಯಾರದು?” ಎಂದರು. ನಿಂಟೆಂಡೊದವರೇ ಹಿರಿಯರು ಎಂದು ಹುಡುಗ ಹೇಳಿದ ಮೇಲೆ, ಮೈಕ್ರೋಸಾಫ್ಟ್‌ನವರನ್ನು ಲಿಪಿಕಾರರ ತಪ್ಪಿನ ಖಾತೆಗೆ ಹಾಕಿಬಿಟ್ಟರು.

ಮಾರನೆಯ ದಿನ ಅಂಗಡಿಯಲ್ಲಿ ಮೂರನ್ನೂ ಹಿಡಿದು ನೋಡಿದೆ. ಅಯಸ್ಕಾಂತದ್ದು ಅಂಗೈಗೆ ಚಿಕ್ಕದಾಯಿತು. ಡ್ಯುಯಲ್‌ಸೆನ್ಸ್‌ನಲ್ಲಿ ಎರಡು ಸ್ಟಿಕ್ಕುಗಳೂ ಕೆಳಗೆ ಅಕ್ಕಪಕ್ಕ ಕುಳಿತಿವೆ, ನನ್ನ ಎಡ ಹೆಬ್ಬೆರಳು ಅಲ್ಲಿಗೆ ಬಾಗಲು ಒಪ್ಪಲಿಲ್ಲ. ಎಕ್ಸ್‌ಬಾಕ್ಸ್‌ನದರಲ್ಲಿ ಎಡ ಸ್ಟಿಕ್ ಮೇಲಕ್ಕಿದೆ, ಬೆರಳು ತಾನಾಗಿ ಹೋಗಿ ಕುಳಿತಿತು. ಅದನ್ನೇ ತಂದೆ. ಕೈಗೆ ಒಪ್ಪದ ವಸ್ತುವಿನ ಒಳಗೆ ಎಂಥ ವಿಜ್ಞಾನವಿದ್ದರೇನು? ರೇಡಿಯೊ ಗೆಳೆಯ ಎರಡು ದಿನ ಮಾತು ಬಿಟ್ಟ. “ಸವೆದಾಗ ರಿಪೇರಿಗೆ ನಿನ್ನ ಹತ್ತಿರವೇ ತರುತ್ತೇನಲ್ಲ” ಎಂದ ಮೇಲೆ ಸ್ವಲ್ಪ ಕರಗಿದ.

ಒಂದು ಸಂಗತಿಯನ್ನು ಮಾತ್ರ ಯಾರೂ ಹೇಳಿರಲಿಲ್ಲ. ಅದಕ್ಕೆ ಎರಡು ಸೆಲ್ ಬೇಕು, ಗೋಡೆ ಗಡಿಯಾರಕ್ಕೆ ಹಾಕುವಂಥವೇ. ಮೊನ್ನೆ ಭಾನುವಾರ ರೇಸಿನ ಕೊನೆಯ ಸುತ್ತಿಗೆ ಮುಂಚೆ ಸೆಲ್ ಮುಗಿದವು. ಹೊರಗೆ ಮಳೆ, ಅಂಗಡಿ ದೂರ. ಈಗ ನಮ್ಮ ಪಡಸಾಲೆಯಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ, ಅಡುಗೆಮನೆಯಲ್ಲಿ ನಾಲ್ಕು ಗಂಟೆ ಹನ್ನೊಂದು ನಿಮಿಷ.